ಗ್ಲಾಸ್ಗೋದಿಂದ ಗ್ಲೆನ್‌ಫಿನ್ನನ್‌ವರೆಗೆ: ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್‌ನಲ್ಲಿ ಒಂದು ದಿನ ಕಾರಲ್ಲಿ ಸುತ್ತುವುದು ಹೇಗೆ?

ಮೊದಲ ಕೆಲಸ, ಸ್ಕೈ ದ್ವೀಪವನ್ನು ಪಟ್ಟಿಯಿಂದ ತೆಗೆಯುವುದು. ಗ್ಲಾಸ್ಗೋದಿಂದ ಒಂದೇ ದಿನದಲ್ಲಿ ಅಲ್ಲಿಗೆ ಹೋಗಿಬರಲು ಹೊರಟವರು ಕಿಟಕಿಯಾಚೆ ನೋಡುವುದೇ ಹೆಚ್ಚು, ಕಾಲಿಟ್ಟು ನಿಲ್ಲುವುದು ಕಡಿಮೆ. ಫೋರ್ಟ್ ವಿಲಿಯಂ ಊರಿಗೆ ಸುಮಾರು 175 ಕಿ.ಮೀ., ಎಲ್ಲೂ ನಿಲ್ಲದಿದ್ದರೆ ಮೂರು ಗಂಟೆಯೊಳಗಿನ ದಾರಿ. ಅದನ್ನೇ ಇಡೀ ದಿನಕ್ಕೆ ಹಿಗ್ಗಿಸಿ, ರಾತ್ರಿ ಅಲ್ಲೇ ಉಳಿಯಿರಿ.

ಪ್ರವಾಸಕ್ಕೆ ಹೋದವರು ಭಾರತದ ಚಾಲನಾ ಪರವಾನಗಿಯಲ್ಲೇ 12 ತಿಂಗಳವರೆಗೆ ಅಲ್ಲಿ ಕಾರು ಓಡಿಸಬಹುದು. ನಮ್ಮಂತೆಯೇ ಎಡಬದಿಯ ಸಂಚಾರ. ಗೇರ್ ಬೇಡವೆಂದರೆ ಕಾರು ಕಾಯ್ದಿರಿಸುವಾಗಲೇ ಆಟೊಮ್ಯಾಟಿಕ್ ಕೇಳಿ. ವೇಗದ ಫಲಕಗಳು ಮೈಲಿಯಲ್ಲಿರುತ್ತವೆ: 60 ಎಂದರೆ ಸುಮಾರು 96 ಕಿ.ಮೀ. ವೃತ್ತಗಳಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡಲೇಬೇಕು. ಕುಡಿದು ಓಡಿಸುವುದರ ಮಿತಿ ಇಂಗ್ಲೆಂಡಿಗಿಂತ ಇಲ್ಲಿ ಬಿಗಿ. ವಿಸ್ಕಿಯ ರುಚಿ ಸ್ಟೀರಿಂಗ್ ಹಿಡಿಯದವರಿಗಷ್ಟೇ ಇರಲಿ.

ಬೆಳಗ್ಗೆ ಏಳಕ್ಕೆ ಎ82 ರಸ್ತೆ ಹಿಡಿಯಿರಿ. ಲಾಕ್ ಲೋಮಂಡ್ ದಡದ ಲಸ್ ಹಳ್ಳಿಯಲ್ಲಿ ಅರ್ಧ ಗಂಟೆ ಸಾಕು. ಸುಮಾರು 71 ಚದರ ಕಿ.ಮೀ. ಹರಡಿರುವ ಈ ಸರೋವರ, ವಿಸ್ತಾರದಲ್ಲಿ ಬ್ರಿಟನ್ ದ್ವೀಪದಲ್ಲೇ ದೊಡ್ಡದು. ಟಾರ್ಬೆಟ್ ದಾಟಿದ ಮೇಲೆ ಎಡಕ್ಕೆ ಬಂಡೆ, ಬಲಕ್ಕೆ ನೀರು, ನಡುವೆ ಕಿರಿದಾದ ರಸ್ತೆ. ಎದುರಿಂದ ದೊಡ್ಡ ಬಸ್ಸು ಬಂದರೆ ಗಾಬರಿಯಾಗದೆ ನಿಧಾನಿಸಿ. ಟಿಂಡ್ರಮ್‌ನಲ್ಲಿ ಪೆಟ್ರೋಲ್, ಚಹಾ, ಶೌಚಾಲಯ ಎಲ್ಲ ಮುಗಿಸಿಕೊಳ್ಳಿ. ಮುಂದೆ ರಾನಕ್ ಮೂರ್, ಕಣ್ಣು ಹಾಯುವಷ್ಟು ದೂರ ಜೌಗು, ಕಪ್ಪು ನೀರು, ಕಲ್ಲು. ಈ ಬಯಲಿನ ರೈಲುಹಳಿಯನ್ನು ಪೊದೆಕಡ್ಡಿಗಳ ಕಂತೆ, ಮಣ್ಣು, ಬೂದಿ ಸುರಿದು ಅದರ ಮೇಲೆ ಹಾಸಿದ್ದಾರೆ. 1894ರಿಂದ ಅದರ ಮೇಲೆ ರೈಲು ಓಡುತ್ತಿದೆ.

ಬುವಕಲ್ ಎಟಿವ್ ಮೋರ್ ಬೆಟ್ಟದ ಹತ್ತಿರ ಎಡಕ್ಕೆ ಗ್ಲೆನ್ ಎಟಿವ್ ಕಣಿವೆಯ ದಾರಿ ಇಳಿಯುತ್ತದೆ. ಒಂದೇ ಕಾರಿನ ಅಗಲ. ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂಬ ಫಲಕವಿರುವ ಅಗಲದ ಜಾಗಗಳಿವೆ. ಅದು ನಿಮ್ಮ ಎಡಕ್ಕಿದ್ದರೆ ಒಳಸರಿದು ನಿಲ್ಲಿ. ಬಲಕ್ಕಿದ್ದರೆ ಅತ್ತ ದಾಟಬೇಡಿ, ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತರೆ ಎದುರಿನವರೇ ಬಳಸಿಕೊಂಡು ಹೋಗುತ್ತಾರೆ. ಹಿಂದೆ ಅವಸರದವರಿದ್ದರೆ ಅವರಿಗೂ ಜಾಗ ಕೊಡಿ. ಅವರು ಕೆಲಸಕ್ಕೆ ಹೊರಟ ಊರಿನವರಿರಬಹುದು. ದಾಟುವಾಗ ಕೈಯೆತ್ತುವುದು ಅಲ್ಲಿನ ವಾಡಿಕೆ. ಫೋಟೊಗೆಂದು ಈ ಅಗಲದ ಜಾಗಗಳಲ್ಲಿ ಕಾರು ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು, ಆಂಬುಲೆನ್ಸ್‌ಗೂ ಇರುವುದು ಅದೊಂದೇ ದಾರಿ.

ಗ್ಲೆನ್‌ಕೋಗೆ ಎರಡು ಗಂಟೆಯನ್ನಾದರೂ ಎತ್ತಿಡಿ. ‘ತ್ರೀ ಸಿಸ್ಟರ್ಸ್’ ಬೆಟ್ಟಗಳ ಎದುರಿನ ಪಾರ್ಕಿಂಗ್ ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ಇಳಿದು ಸ್ವಲ್ಪ ದೂರ ನಡೆಯಿರಿ, ಆಮೇಲೆ ಸುಮ್ಮನೆ ಕುಳಿತುಕೊಳ್ಳಿ. ಮೋಡ ಇಳಿಯುವುದು, ಬಿಸಿಲು ಒಂದು ಗುಡ್ಡದಿಂದ ಇನ್ನೊಂದಕ್ಕೆ ಸರಿಯುವುದು ಕಾಯುವವರಿಗಷ್ಟೇ ಕಾಣುತ್ತದೆ. ಈ ಕಣಿವೆಗೆ ಒಂದು ನೋವಿನ ಕಥೆಯಿದೆ. ರಾಜ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡಲು ಇಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದ ಮುಖ್ಯಸ್ಥ ಕೆಲವು ದಿನ ತಡಮಾಡಿದ್ದ. ಸರ್ಕಾರದ ಸೈನಿಕರು ಬಂದು ಹತ್ತಿರಹತ್ತಿರ ಎರಡು ವಾರ ಇವರ ಮನೆಗಳಲ್ಲೇ ಉಂಡು ಮಲಗಿದರು. 1692ರ ಫೆಬ್ರುವರಿ 13ರ ನಸುಕಿನಲ್ಲಿ ಅದೇ ಮನೆಯವರ ಮೇಲೆ ಕತ್ತಿ ಎತ್ತಿದರು. ಸುಮಾರು 38 ಜನ ಸತ್ತರು, ಹಿಮದಲ್ಲಿ ಓಡಿಹೋದವರಲ್ಲೂ ಹಲವರು ಉಳಿಯಲಿಲ್ಲ. ಉಂಡ ಮನೆಗೆ ಎರಡು ಬಗೆದ ಆ ಬೆಳಗನ್ನು ತಿಳಿದು ನೋಡಿದರೆ ಬೆಟ್ಟಗಳು ಬೇರೆಯೇ ಕಾಣುತ್ತವೆ.

ಮಧ್ಯಾಹ್ನ ಫೋರ್ಟ್ ವಿಲಿಯಂ ದಾಟಿ ಎ830ರಲ್ಲಿ ಇನ್ನೂ 27 ಕಿ.ಮೀ. ಹೋದರೆ ಗ್ಲೆನ್‌ಫಿನ್ನನ್. ಕಾಂಕ್ರೀಟಿನ 21 ಕಮಾನುಗಳ ರೈಲು ಸೇತುವೆ ಇಲ್ಲಿ ಕಣಿವೆಗೆ ಅಡ್ಡಲಾಗಿ ಬಾಗಿ ನಿಂತಿದೆ. ಬೇಸಿಗೆಯ ಉಗಿಬಂಡಿ ಎಷ್ಟು ಹೊತ್ತಿಗೆ ದಾಟುತ್ತದೆಂದು ಹಿಂದಿನ ದಿನವೇ ವೇಳಾಪಟ್ಟಿಯಲ್ಲಿ ನೋಡಿಕೊಂಡು, ಒಂದು ಗಂಟೆ ಮೊದಲೇ ತಲುಪಿ. ಹಳಿಯ ಮೇಲೆ ಹತ್ತಬೇಡಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವುದರಿಂದ ಈ ಕೊನೆಯ ನಿಲುಗಡೆ ಕೈಬಿಡುವುದೇ ಒಳ್ಳೆಯದು. ಜೂನ್‌ನಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕು.

ರೈಲು ಹೋದೊಡನೆ ಜನ ಕಾರುಗಳತ್ತ ಓಡುತ್ತಾರೆ. ನೀವು ಲಾಕ್ ಶೀಲ್ ಸರೋವರದ ದಡಕ್ಕೆ ಇಳಿಯಿರಿ. ಬ್ರಿಟನ್ನಿನ ಸಿಂಹಾಸನಕ್ಕಾಗಿ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಬ್ಬಿಸಿದ 1745ರ ಬಂಡಾಯದ ಬಾವುಟ ಏರಿದ್ದು ಇಲ್ಲೇ, ಅದರ ನೆನಪಿನ ಕಂಬ ನೀರಿನ ಪಕ್ಕದಲ್ಲಿದೆ. ಗಾಳಿ ನಿಂತ ಸಂಜೆಗಳಲ್ಲಿ ಮಿಡ್ಜ್ ಎಂಬ ಸಣ್ಣ ನೊಣಗಳು ಮುತ್ತುತ್ತವೆ, ಆದ್ದರಿಂದ ತುಂಬುತೋಳಿನ ಅಂಗಿ ತೊಟ್ಟಿರಿ. ಊಟದ ಡಬ್ಬಿ ಬಿಚ್ಚಲು ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ.