ಟುಸ್ ಆದ ಪಟಾಕಿಯನ್ನು ಏನು ಮಾಡಬೇಕು? ಹಟ್ಟಿಯವರಿಗೆ ದೀಪಾವಳಿ ಕೈಪಿಡಿ

ರಾಯಚೂರು ಜಿಲ್ಲೆಯ ನಮ್ಮ ಹಟ್ಟಿಯಲ್ಲಿ ಚಿನ್ನದ ಗಣಿಗೆ ಇಳಿಯುವವರ ಮನೆಗಳಲ್ಲಿ ಮಿಸ್‌ಫೈರ್ ಅಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಂಡೆ ಕೊರೆದು, ಮದ್ದು ತುಂಬಿ ಬ್ಲಾಸ್ಟ್ ಮಾಡಿದಾಗ ಒಂದು ತೂತಿನ ಮದ್ದು ಹೊಡೆಯದೆ ಉಳಿದರೂ ಆ ಜಾಗಕ್ಕೆ ಅಡ್ಡ ಕಟ್ಟುತ್ತಾರೆ. ನಿಯಮದಲ್ಲಿ ಹೇಳಿದಷ್ಟು ಹೊತ್ತು ಕಾಯುತ್ತಾರೆ. ಆಮೇಲೂ ಹತ್ತಿರ ಹೋಗುವುದು ಮದ್ದು ಸಿಡಿಸುವ ಬ್ಲಾಸ್ಟರ್‌ನಂಥ ತಿಳಿದವನೇ, ಉಳಿದವರು ಆ ಕಡೆ ಸುಳಿಯುವಂತಿಲ್ಲ. ಇಷ್ಟೆಲ್ಲ ಗೊತ್ತಿರುವ ಮನುಷ್ಯನೇ ದೀಪಾವಳಿ ರಾತ್ರಿ ಓಣಿಯಲ್ಲಿ ಹೊಡೆಯದ ಪಟಾಕಿ ಮೇಲೆ ಬಗ್ಗಿ ಉಫ್ ಉಫ್ ಅಂತ ಊದುತ್ತಿರುತ್ತಾನೆ!

ಹೋದ ವರ್ಷ ನಮ್ಮ ಎದುರು ಮನೆ ಕಾಕಾ ಹೀಗೇ ಮಾಡಿದರು. ಲಕ್ಷ್ಮೀ ಪಟಾಕಿ. ಬತ್ತಿ ಪೂರ್ತಿ ಉರಿದಿತ್ತು, ಸದ್ದಿಲ್ಲ. "ಕಾಕಾ, ಮಿಸ್‌ಫೈರ್ ಆಗೇದ, ಬಿಡ್ರಿ" ಅಂದೆ. "ಏನೂ ಆಗಂಗಿಲ್ಲ ಬಿಡೋ, ಆರೇ ಹೋಗೇದ" ಅಂತ ಬಗ್ಗಿ ಚಪ್ಪಲಿ ತುದಿಯಿಂದ ಹೊರಳಿಸಿದರು. ಸುತ್ತಿದ ಕಾಗದದ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕಂಡಿತು, ಅಷ್ಟೇ. ಹುಬ್ಬು ಸುಟ್ಟಿತು, ಎರಡು ದಿನ ಎಡಗಿವಿ ಗುಂಯ್ ಅನ್ನುತ್ತಿತ್ತು. ಕಣ್ಣು ಉಳಿದದ್ದೇ ಪುಣ್ಯ.

ಹಾಗಾಗಿ ಈ ಸಲ ಮೊದಲೇ ಬರೆಯುತ್ತಿದ್ದೇನೆ.

1. ಕೊಳ್ಳುವಾಗ

ಹೆಸರು, ವಿಳಾಸ, ತಯಾರಾದ ದಿನ ಇಲ್ಲದ ಡಬ್ಬಿ ಬೇಡ. ಬತ್ತಿ ಬೆರಳ ತುದಿಯಷ್ಟೇ ಇದ್ದರೆ, ಮುಟ್ಟಿದರೆ ಮೆತ್ತಗಿದ್ದರೆ ಅದೂ ಬೇಡ. ಹಸಿರು ಪಟಾಕಿ ಅಂತ ಹಸಿರು ಬಣ್ಣದ ಡಬ್ಬಿಯಲ್ಲಿ ಏನೇನೋ ಬರುತ್ತದೆ, ಲೋಗೊ ಮತ್ತು ಕ್ಯೂಆರ್ ಕೋಡ್ ನೋಡಿ. ನನ್ನನ್ನು ಕೇಳಿದರೆ ಹೂಕುಂಡ, ಭೂಚಕ್ರ, ಸುರುಸುರುಬತ್ತಿ ಸಾಕು. ರಾಕೆಟ್ ತರಲೇಬೇಡಿ, ಒತ್ತೊತ್ತಾಗಿ ಮನೆ ಇರುವ ಓಣಿಗಳಲ್ಲಿ ಅದು ಯಾರ ಮಾಳಿಗೆ ಮೇಲಿನ ಬಟ್ಟೆಗೆ ಬೀಳುತ್ತದೋ ಹೇಳಲಾಗದು.

ಸುರುಸುರುಬತ್ತಿ ಅಂದರೆ ಆಟದ ಸಾಮಾನಲ್ಲ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ಉರಿಯುವ ಬತ್ತಿಯ ತುದಿಯ ಬಿಸಿಯೂ ಅದರ ಆಸುಪಾಸಿಗೇ ಹೋಗುತ್ತದೆ. ಉರಿದು ಮುಗಿದ ಕಂಬಿಯನ್ನು ನೆಲಕ್ಕೆ ಎಸೆಯಬೇಡಿ, ನೀರಿಗೆ ಹಾಕಿ. ಬರಿಗಾಲಲ್ಲಿ ಓಡುವ ಮಕ್ಕಳು ಅದನ್ನೇ ತುಳಿಯುವುದು.

ಇನ್ನು ಕಾರ್ಬೈಡ್ ಗನ್. ಪೈಪಿಗೆ ಕ್ಯಾಲ್ಸಿಯಂ ಕಾರ್ಬೈಡ್, ನೀರು ಹಾಕಿ ಢಂ ಅನ್ನಿಸುವುದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣಿಗೆ ಏಟು ಬಿದ್ದದ್ದು ಇದರಿಂದಲೇ. ಹೊಡೆಯಲಿಲ್ಲ ಅಂತ ಪೈಪಿನೊಳಗೆ ಇಣುಕಿ ನೋಡಿದರೆ ಅಲ್ಲಿಗೆ ಮುಗಿಯಿತು, ಅದೂ ಮಿಸ್‌ಫೈರೇ ಅಲ್ವಾ? ಮಕ್ಕಳು ವಿಡಿಯೊ ನೋಡಿ ಪೈಪ್ ಹುಡುಕುತ್ತಿದ್ದರೆ ಕಿತ್ತುಕೊಳ್ಳಿ, ಅತ್ತರೂ ಪರವಾಗಿಲ್ಲ.

2. ನೀರು

ನೀರು ತುಂಬುವ ಹಬ್ಬದ ಸಂಜೆ ಹಂಡೆ ತುಂಬುವಾಗಲೇ ಇನ್ನೆರಡು ಬಕೆಟ್ ತುಂಬಿಸಿಡಿ. ಒಂದು ಬೆಂಕಿಗೆ, ಒಂದು ಟುಸ್ ಆದವಕ್ಕೆ. ಪಟಾಕಿ ಹಚ್ಚುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತದೆ ಅಂತ ನಂಬಿಕೊಂಡು ಕೂರಬೇಡಿ.

3. ಹಚ್ಚುವುದು

ಕಡ್ಡಿಪೆಟ್ಟಿಗೆ, ಲೈಟರ್ ಬೇಡ. ಉದ್ದನೆಯ ಊದಿನಕಡ್ಡಿ ತಗೊಳ್ಳಿ, ಕೈ ಪೂರ್ತಿ ಚಾಚಿ, ಮುಖ ಪಕ್ಕಕ್ಕೆ ಹಿಡಿದು ಹಚ್ಚಿ. ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ. ಸುಪ್ರೀಂ ಕೋರ್ಟ್ 2018ರಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಹೊತ್ತು ಗೊತ್ತುಮಾಡಿದೆ. ಎರಡನೇ ಪಾಳಿ ಮುಗಿಸಿ ಮನೆ ಸೇರುವಷ್ಟರಲ್ಲಿ ಅದು ಮೀರಿರುತ್ತದೆ, ನಿಜ. ಹಾಗಂತ ದಣಿದ ಮೈಯಲ್ಲಿ, ನಿದ್ದೆಗಣ್ಣಲ್ಲಿ ಮದ್ದು ಮುಟ್ಟುವುದು ಬೇಡ, ಬಲಿಪಾಡ್ಯಮಿಯ ಸಂಜೆ ಇದ್ದೇ ಇದೆ.

4. ಟುಸ್ ಆದಾಗ

ಎಲ್ಲರೂ ಎಡವುವುದು ಇಲ್ಲೇ.

ಬತ್ತಿ ಉರಿದ ಮೇಲೂ ಪಟಾಕಿ ಸುಮ್ನೆ ಕೂತಿದೆ ಅಂದರೆ ಎರಡರಲ್ಲಿ ಒಂದಾಗಿರುತ್ತದೆ. ಬೆಂಕಿ ನಿಜವಾಗಿಯೂ ಆರಿರಬಹುದು. ಇಲ್ಲವೇ ಥಂಡಿ ಹಿಡಿದ ಕಾಗದದಲ್ಲೋ, ಬತ್ತಿಗೂ ಮದ್ದಿಗೂ ನಡುವಿನ ಸಂದಿನಲ್ಲೋ ಒಂದು ಕಿಡಿ ಕುಳಿತು ನಿಧಾನಕ್ಕೆ ಒಳಗೆ ತೆವಳುತ್ತಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹೊಗೆ ಬರುತ್ತಿಲ್ಲ ಅನ್ನುವುದೂ ಆಧಾರವಲ್ಲ, ಕತ್ತಲಲ್ಲಿ ಆ ಎಳೆ ಹೊಗೆ ಯಾರಿಗೆ ಕಾಣುತ್ತದೆ? ಊದಿದರೆ ಕಿಡಿಗೆ ಗಾಳಿ ಸಿಗುತ್ತದೆ, ಒಲೆ ಊದಿದ ಹಾಗೆಯೇ.

ಹಾಗಾಗಿ ಮೊದಲ ಕೆಲಸ ಹಿಂದೆ ಸರಿಯುವುದು, ಮಕ್ಕಳನ್ನೂ ಎಳೆದುಕೊಂಡು. ಒಬ್ಬ ದೊಡ್ಡವರು ದೂರದಲ್ಲಿ ನಿಂತು ಆ ಕಡೆ ಯಾರನ್ನೂ ಬಿಡಬಾರದು, ಸೈಕಲ್, ಬೈಕ್ ಬಂದರೂ ನಿಲ್ಲಿಸಬೇಕು. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಾಂ ಇಡಿ. ಅಂದಾಜಿಗೆ ಬಿಟ್ಟರೆ ಮೂರು ನಿಮಿಷವೇ ಇಪ್ಪತ್ತಾಗುತ್ತದೆ, ನಾನೂ ಹಾಗೆ ಮೋಸ ಹೋಗಿದ್ದೇನೆ. ಅಲಾರಾಂ ಆದ ಮೇಲೆ ಉದ್ದ ಹಿಡಿಯ ಚೊಂಬಿನಿಂದಲೋ ಪೈಪಿನಿಂದಲೋ ದೂರ ನಿಂತು ನೀರು ಸುರಿಯಿರಿ. ಒಂದು ಚಿಮುಕಿಸಿದರೆ ಆಗಲ್ಲ, ಕಾಗದ ಪೂರ್ತಿ ನೆನೆಯಬೇಕು. ಆಮೇಲೆ ಸಲಿಕೆಯಲ್ಲಿ ಎತ್ತಿ ಎರಡನೇ ಬಕೆಟ್‌ನಲ್ಲಿ ಮುಳುಗಿಸಿ ಬೆಳಗಿನವರೆಗೆ ಬಿಡಿ. ಕೈಯಲ್ಲಿ ಎತ್ತುವ ಹಾಗಿಲ್ಲ.

ಹೂಕುಂಡ ಅರ್ಧಕ್ಕೆ ನಿಂತರೂ ಇದೇ ಕ್ರಮ. ಬಾಯಿ ಮೇಲೆ ಬಗ್ಗಿ ಕಡ್ಡಿ ತಿವಿಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತು ರೂಪಾಯಿ ಹಾಳಾಯಿತಲ್ಲಾ ಅಂತ ಮತ್ತೆ ಬತ್ತಿ ಸಿಕ್ಕಿಸಿ ಹಚ್ಚುವ ಜಾಣರೂ ಇದ್ದಾರೆ. ಟುಸ್ ಆದದ್ದು ಟುಸ್ಸೇ, ಎರಡನೇ ಸಲ ಹಚ್ಚುವುದು ಅಂತ ಇಲ್ಲ.

5. ಸುಟ್ಟರೆ

ತಣ್ಣೀರು ಸುರಿಯುತ್ತಾ ಇರಿ, ಇಲ್ಲೂ 20 ನಿಮಿಷ. ಊದಿಕೊಳ್ಳುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಐಸ್, ಟೂತ್‌ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ, ಡಾಕ್ಟರು ಮೊದಲು ಅದನ್ನು ಕೆರೆದು ತೆಗೆಯಬೇಕಾಗುತ್ತದೆ, ಆ ನೋವು ಬೇರೆ. ಒಗೆದ ಬಟ್ಟೆ ಸಡಿಲವಾಗಿ ಮುಚ್ಚಿ ಹೊರಡಿ.

ಕಣ್ಣಿಗೆ ಏಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ, ಮನೆಯಲ್ಲಿದ್ದ ಡ್ರಾಪ್ಸ್ ಹಾಕಬೇಡಿ. ಪೇಪರ್ ಕಪ್ಪನ್ನು ಕಣ್ಣಿಗೆ ತಾಗದಂತೆ ಮೇಲಿನಿಂದ ಮುಚ್ಚಿ ಟೇಪ್ ಹಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ರಾಯಚೂರು ಇಲ್ಲಿಂದ ಸುಮಾರು 80 ಕಿಲೋಮೀಟರ್, ಹಬ್ಬದ ರಾತ್ರಿ ಗಾಡಿ ಹುಡುಕುವುದೇ ಅರ್ಧ ಗಂಟೆ. ಯಾರ ಕಾರು ಸಿಗುತ್ತದೆ, ಡ್ರೈವರ್ ಊರಲ್ಲಿರುತ್ತಾನಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108, ಬೆಂಕಿಗೆ 101 ಇಲ್ಲವೇ 112. ಲಕ್ಷ್ಮೀ ಪೂಜೆ ಅಂತ ಮೆಡಿಕಲ್ ಶಾಪ್‌ಗಳು ಬೇಗ ಬಾಗಿಲು ಹಾಕಿದರೂ ಹಾಕಿಯಾವು. ಗಾಜ್ ಬಟ್ಟೆ, ಪ್ಲಾಸ್ಟರ್ ಟೇಪು ಮೊದಲೇ ತಂದಿಡಿ.

6. ಮರುದಿನ ಬೆಳಿಗ್ಗೆ

ಮಕ್ಕಳು ಏಳುವ ಮೊದಲೇ ಓಣಿ ಗುಡಿಸಿ. ಹೊಡೆಯದ ಪಟಾಕಿ ಆರಿಸಲು ಅವರು ಬೆಳಕು ಹರಿಯುವುದನ್ನೇ ಕಾಯುತ್ತಿರುತ್ತಾರೆ, ನಾವೂ ಹಾಗೇ ಮಾಡಿದವರು. ಗುಡಿಸಿದ ರಾಶಿಗೆ ಬೆಂಕಿ ಇಡಬೇಡಿ, ಅದರೊಳಗೆ ಯಾವುದು ಉಳಿದಿದೆಯೋ ಯಾರಿಗೆ ಗೊತ್ತು. ನೀರು ಹಾಕಿ, ಬಕೆಟ್‌ನಲ್ಲಿ ನೆನೆದವನ್ನು ಬೇರೆ ಚೀಲಕ್ಕೆ ತುಂಬಿ, ಪಟ್ಟಣ ಪಂಚಾಯಿತಿಯ ಕಸದ ಗಾಡಿ ಬಂದಾಗ "ಇದರಾಗ ಪಟಾಕಿ ಅದಾವ್ರಿ" ಅಂತ ಬಾಯಿಬಿಟ್ಟು ಹೇಳಿ ಕೊಡಿ. ಕೈ ಹಾಕುವವರು ಅವರು.