ಫ್ರಿಜ್ ಕೊಳ್ಳುವ ಮೊದಲು ದೋಸೆ ಹಿಟ್ಟಿನ ಪಾತ್ರೆ ಅಳೆಯಿರಿ

ಶಿವಮೊಗ್ಗದಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡು 21 ವರ್ಷ ಆಯಿತು. ನನ್ನ ಗಿರಾಕಿಗಳಲ್ಲಿ ಅರ್ಧ ಪೇಟೆಯವರು, ಇನ್ನರ್ಧ ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಯವರು. ಬೇರೆಯವರ ಫ್ರಿಜ್ಜಿನ ಬಾಗಿಲು ನನ್ನಷ್ಟು ತೆರೆದವರು ಕಡಿಮೆ. ಒಳಗೆ ಏನಿರುತ್ತದೆ, ಏನಿರುವುದಿಲ್ಲ ಎಂದು ಚೆನ್ನಾಗಿ ಗೊತ್ತು. "ಅಣ್ಣ, ಯಾವ ಫ್ರಿಜ್ ತಗೊಳ್ಳೋದು?" ಎಂದು ವಾರಕ್ಕೆ ಇಬ್ಬರು ಮೂವರಾದರೂ ಕೇಳುತ್ತಾರೆ. ಕಂಪನಿ ಹೆಸರು ಹೇಳಲಿ ಎಂದು ಕಾಯುತ್ತಾರೆ. ನಾನು ಕೇಳುವುದು, "ನಿಮ್ಮ ಮನೆ ದೋಸೆ ಹಿಟ್ಟಿನ ಪಾತ್ರೆ ಎಷ್ಟು ಎತ್ತರ ಇದೆ?"

ಎಲ್ಲರೂ ನಗುತ್ತಾರೆ. ನನ್ನ ಹೆಂಡತಿ ನಗುವುದಿಲ್ಲ. ನಮ್ಮ ಮನೆಗೆ ಫ್ರಿಜ್ ತಂದಾಗ ನಾನು ಕಂಪ್ರೆಸರ್ ನೋಡಿದೆ, ಹಿಂದಿನ ಕಾಯಿಲ್ ನೋಡಿದೆ, ಬಗ್ಗಿ ವೈರಿಂಗೂ ನೋಡಿದೆ. ಅಂಗಡಿಯ ಹುಡುಗ ನನ್ನನ್ನು ಸಾರ್ ಎಂದು ಕರೆದ. ಮರುದಿನ ಬೆಳಗ್ಗೆ ದೋಸೆ ಹೊಯ್ದು ಉಳಿದ ಹಿಟ್ಟನ್ನು ಅವಳು ಒಳಗಿಡಲು ಹೋದಳು. ಎರಡು ಶೆಲ್ಫ್‌ಗಳ ನಡುವೆ ಇದ್ದದ್ದು 7 ಇಂಚು. ಪಾತ್ರೆ ಮುಚ್ಚಳ ಸೇರಿ 8 ಇಂಚಿನ ಮೇಲೆ. ಶೆಲ್ಫ್ ಮೇಲೆ ಕೆಳಗೆ ಮಾಡೋಣವೆಂದರೆ ಇದ್ದದ್ದೇ ಒಂದು ಜಾಗ. ಕೊನೆಗೆ ಒಂದು ಗಾಜಿನ ಶೆಲ್ಫ್ ತೆಗೆದು ಅಕ್ಕಿ ಡ್ರಮ್ಮಿನ ಹಿಂದೆ ನಿಲ್ಲಿಸಿದೆವು. ಈಗಲೂ ಅಲ್ಲೇ ನಿಂತಿದೆ. "ಊರಿಗೆಲ್ಲ ಬುದ್ಧಿ ಹೇಳೋರು" ಎಂದು ನೆಂಟರ ಮುಂದೆ ಅದನ್ನು ತೋರಿಸುತ್ತಾಳೆ.

ಅದಕ್ಕೇ ಹೇಳುವುದು, ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯಲ್ಲಿ ಹತ್ತು ನಿಮಿಷ ಕೆಲಸ ಇದೆ. ದಿನಾ ಒಳಗೆ ಹೋಗುವ ಪಾತ್ರೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡಿ. ಹಿಟ್ಟಿನ ಪಾತ್ರೆ, ಹಾಲಿನ ಪಾತ್ರೆ, ಮೊಸರಿನ ಪಾತ್ರೆ, ಉಳಿದ ಸಾರಿನದು, ಸೊಪ್ಪಿನ ಚೀಲ, ಕಾಯಿತುರಿಯ ಡಬ್ಬಿ. ಅತಿ ಎತ್ತರದ್ದು ಯಾವುದು, ಅತಿ ಅಗಲದ್ದು ಯಾವುದು ಎಂದು ಟೇಪ್ ಹಿಡಿದು ಚೀಟಿಯಲ್ಲಿ ಬರೆದುಕೊಳ್ಳಿ. ಟೇಪನ್ನೂ ಜೇಬಿಗೆ ಹಾಕಿಕೊಳ್ಳಿ. ಅಂಗಡಿಯಲ್ಲಿ ಬೇಕಾಗುತ್ತದೆ. ನಾಚಿಕೆ ಪಡಬೇಡಿ, ದುಡ್ಡು ನಿಮ್ಮದು.

ಹಾಗೇ ಇನ್ನೊಂದು ನೋಡಿ. ನಿಮ್ಮದು ಮೀನು, ಮಾಂಸ ತಂದಿಡುವ ಮನೆಯಾ, ಅಲ್ಲವಾ? ಸಸ್ಯಾಹಾರಿ ಮನೆಗಳ ಫ್ರೀಜರಿನಲ್ಲಿ ನಾನು ಕಾಣುವುದು ಎರಡು ಐಸ್ ಟ್ರೇ, ಒಂದು ಪ್ಯಾಕೆಟ್ ಬಟಾಣಿ, ಕಾಲದಲ್ಲಿ ಹಿತಕಿದ ಬೇಳೆ, ಯಾವಾಗಲೋ ಇಟ್ಟು ಮರೆತ ಹಲಸಿನ ತೊಳೆ. ಅಷ್ಟಕ್ಕೆ 80 ಲೀಟರಿನ ಫ್ರೀಜರ್ ಯಾಕೆ? ಡಬ್ಬಿಯ ಮೇಲೆ ಬರೆದ ಲೀಟರಿನಲ್ಲಿ ಫ್ರೀಜರೂ ಸೇರಿರುತ್ತದೆ ಎನ್ನುವುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಜೊತೆಗೆ ಒಟ್ಟು ಲೀಟರ್ ಬೇರೆ, ಸಾಮಾನು ಇಡಲು ನಿಜವಾಗಿ ಸಿಗುವ ಲೀಟರ್ ಬೇರೆ. ಸ್ಟಾರ್ ಲೇಬಲ್ ಮೇಲೆ ಎರಡನೆಯದು ಇರುತ್ತದೆ, ಅದನ್ನು ಓದಿ. ನನ್ನ ಅಂದಾಜು ಇಷ್ಟು: ಗಂಡ ಹೆಂಡತಿ ಇಬ್ಬರೇ ಇದ್ದರೆ 180ರಿಂದ 200 ಲೀಟರ್ ಧಾರಾಳ. ನಾಲ್ಕು ಜನಕ್ಕೆ 240ರಿಂದ 300. ಆರೇಳು ಜನ, ಹಬ್ಬಕ್ಕೆ ನೆಂಟರು ಅಂದರೆ 350 ದಾಟಬಹುದು. ತರಕಾರಿ ದಿನಾ ಬಾಗಿಲಿಗೇ ಬರುವ ಬೀದಿಯಲ್ಲಿದ್ದರೆ ಇನ್ನೂ ಕಡಿಮೆ ಸಾಕು. ವಾರಕ್ಕೊಮ್ಮೆ ಸಂತೆಗೆ ಹೋಗುವವರಾದರೆ ಸ್ವಲ್ಪ ದೊಡ್ಡದೇ ಇರಲಿ.

ಈಗ ಸಿಂಗಲ್ ಡೋರಾ, ಡಬಲ್ ಡೋರಾ ಎನ್ನುವ ಪ್ರಶ್ನೆ. ಇದನ್ನು ಜನ ಅಂತಸ್ತಿನ ವಿಷಯ ಮಾಡಿಕೊಂಡಿದ್ದಾರೆ. ನಿಜವಾದ ವ್ಯತ್ಯಾಸ ತಣ್ಣಗಾಗುವ ರೀತಿಯಲ್ಲಿದೆ. ಸಿಂಗಲ್ ಡೋರಿನಲ್ಲಿ ಮೇಲಿನ ಐಸ್ ಪೆಟ್ಟಿಗೆಯಿಂದ ತಂಪು ಗಾಳಿ ತಾನಾಗಿ ಕೆಳಗಿಳಿಯುತ್ತದೆ. ಫ್ಯಾನ್ ಇಲ್ಲ, ಹೀಟರ್ ಇಲ್ಲ. ಕೆಟ್ಟುಹೋಗುವ ಪಾರ್ಟ್ ಕಡಿಮೆ, ಕರೆಂಟೂ ಕಡಿಮೆ. ಆದರೆ ಐಸ್ ಕಟ್ಟುತ್ತದೆ, ಆಗಾಗ ಗುಂಡಿ ಒತ್ತಿ ಕರಗಿಸಬೇಕು. ಐಸ್‌ಕ್ರೀಮ್ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಡಬಲ್ ಡೋರ್ ಸಾಮಾನ್ಯವಾಗಿ ಫ್ರಾಸ್ಟ್ ಫ್ರೀ. ಒಳಗಿನ ಫ್ಯಾನು ತಂಪನ್ನು ಎಲ್ಲ ಕಡೆ ತಳ್ಳುತ್ತದೆ, ಕಟ್ಟಿದ ಐಸನ್ನು ಹೀಟರ್ ಆಗಾಗ ಕರಗಿಸುತ್ತದೆ. ಕೈಗೆ ಕೆಲಸ ಇಲ್ಲ. ಆದರೆ ಫ್ಯಾನಿನ ಗಾಳಿಗೆ ಮುಚ್ಚದೇ ಇಟ್ಟ ಸೊಪ್ಪು ಬೇಗ ಒಣಗುತ್ತದೆ. ನೀರು ಇಳಿಯುವ ತೂತು ಕಟ್ಟಿಕೊಂಡರೆ ತರಕಾರಿ ಪೆಟ್ಟಿಗೆಯ ಕೆಳಗೆ ನೀರು ನಿಲ್ಲುತ್ತದೆ. ನನಗೆ ಬರುವ ಡಬಲ್ ಡೋರ್ ದೂರುಗಳಲ್ಲಿ ಇದೇ ಜಾಸ್ತಿ.

ಸಿಂಗಲ್ ಡೋರ್ ತಗೊಳ್ಳುವವರಿಗೆ ಒಂದು ಕಥೆ ಹೇಳಲೇಬೇಕು. ಒಂದು ಮನೆಯಿಂದ ಫೋನ್ ಬಂತು, ಫ್ರಿಜ್ ಸುಯ್ ಎಂದು ಸದ್ದು ಮಾಡಿ ನಿಂತುಹೋಯಿತು ಎಂದು. ಹೋಗಿ ನೋಡಿದರೆ ಐಸ್ ಪೆಟ್ಟಿಗೆಯ ನೆಲದಲ್ಲಿ ಸೂಜಿ ಮೊನೆಯಷ್ಟು ತೂತು. ಪಕ್ಕದಲ್ಲೇ ಸ್ಕ್ರೂಡ್ರೈವರ್. ಐಸ್ ಟ್ರೇ ಕಚ್ಚಿಕೊಂಡಿತ್ತಂತೆ, ಆ ಅಕ್ಕ ಮೀಟಿದ್ದಾರೆ. ಆ ಪೆಟ್ಟಿಗೆ ಬರೀ ಪೆಟ್ಟಿಗೆ ಅಲ್ಲ. ಅದರ ಅಲ್ಯೂಮಿನಿಯಂ ತಗಡಿನ ಒಳಗೇ ಗ್ಯಾಸ್ ಹರಿಯುವ ದಾರಿ ಇರುತ್ತದೆ. ತೂತಾದರೆ ಗ್ಯಾಸೆಲ್ಲ ಹೊರಗೆ. ಪ್ಯಾಚ್ ಹಾಕಬಹುದು, ಆದರೆ ಎಷ್ಟು ದಿನ ನಿಲ್ಲುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಈಗಿನ ಬಹುತೇಕ ಫ್ರಿಜ್‌ಗಳಲ್ಲಿ ಇರುವುದು ಆರ್-600ಎ ಗ್ಯಾಸ್. ಅದು ಐಸೋಬ್ಯುಟೇನ್, ನಿಮ್ಮ ಅಡುಗೆ ಗ್ಯಾಸಿನ ಜಾತಿಯದೇ, ಬೆಂಕಿ ಹಿಡಿಯುತ್ತದೆ. ಹೆದರಬೇಡಿ, ಇಂಥ ಫ್ರಿಜ್ಜಿನೊಳಗೆ 100 ಗ್ರಾಂ ಕೂಡ ಇರುವುದಿಲ್ಲ. ಆದರೆ ಸೋರಿದರೆ ಕಿಟಕಿ ತೆಗೆದು ಒಲೆ ಆರಿಸಿ, ಸ್ವಿಚ್ ಒತ್ತಲು ಹೋಗಬೇಡಿ. ಐಸ್ ಬಿಡಿಸಲು ಚಾಕು ಬೇಡ, ಕರಗುವ ತನಕ ಕಾಯಿರಿ. ಆ ತಾಳ್ಮೆ ನಮ್ಮ ಮನೆಯಲ್ಲಿ ಇಲ್ಲ ಅನಿಸಿದರೆ ಫ್ರಾಸ್ಟ್ ಫ್ರೀ ತಗೊಳ್ಳಿ. ಅಷ್ಟೇ ಲೆಕ್ಕ.

ಹಳ್ಳಿ ಕಡೆಯವರಿಗೆ ಇನ್ನೂ ಒಂದು ಯೋಚನೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬಾರದಿದ್ದದ್ದೂ ಇದೆ. ಸಿಂಗಲ್ ಡೋರಿನ ಐಸ್ ಪೆಟ್ಟಿಗೆ ಪೂರ್ತಿ ಐಸ್ ಕಟ್ಟಿದ್ದರೆ ಬಾಗಿಲು ತೆಗೆಯದೇ ಬಿಟ್ಟಷ್ಟೂ ಒಳಗಿನ ತಂಪು ಉಳಿಯುತ್ತದೆ. ಇನ್ನು ಗುಡುಗು. ಈಗಿನ ಫ್ರಿಜ್‌ಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಸಿಡಿಲಿನ ಹೊಡೆತಕ್ಕೆ ಮೊದಲು ಸಾಯುವುದು ಅದೇ. ಹಳೇ ರೀತಿಯ ಥರ್ಮೋಸ್ಟಾಟ್, ರಿಲೇ ಇರುವ ಫ್ರಿಜ್ ಆದರೆ ಕೆಲವು ನೂರು ರೂಪಾಯಿಯಲ್ಲಿ ಎದ್ದು ಕೂರುತ್ತದೆ. ಬೋರ್ಡ್ ಹೋದರೆ ಸಾವಿರಗಳ ಮಾತು, ಅದೂ ಪಾರ್ಟ್ ಬರುವ ತನಕ ಕಾಯಬೇಕು. ಯಾವುದೇ ಫ್ರಿಜ್ ಇರಲಿ, ದೂರದಲ್ಲಿ ಗುಡುಗು ಕೇಳುತ್ತಿದ್ದ ಹಾಗೇ ಪ್ಲಗ್ ಕಿತ್ತಿಡಿ.

ಇನ್ವರ್ಟರ್ ಫ್ರಿಜ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. "ಇನ್ವರ್ಟರ್ ಅಂತ ದುಡ್ಡು ಜಾಸ್ತಿ ಕೊಟ್ಟು ತಂದೆ, ಕರೆಂಟು ಹೋದ್ರೆ ಇದೂ ನಿಲ್ಲುತ್ತಲ್ಲಪ್ಪ!" ಎಂದು ಒಬ್ಬರು ಅಜ್ಜ ನನ್ನನ್ನೇ ಬೈದರು. ಪಾಪ, ಅವರ ತಪ್ಪಲ್ಲ. ಇದು ಬ್ಯಾಟರಿ ಇಟ್ಟ ಇನ್ವರ್ಟರ್ ಅಲ್ಲ. ಸಾದಾ ಕಂಪ್ರೆಸರ್ ಓಡಿದರೆ ಪೂರ್ತಿ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಇನ್ವರ್ಟರ್ ಕಂಪ್ರೆಸರ್ ಬೇಕಾದಷ್ಟೇ ವೇಗದಲ್ಲಿ ನಿಧಾನಕ್ಕೆ ಓಡುತ್ತಿರುತ್ತದೆ. ಸದ್ದು ಕಡಿಮೆ, ಕರೆಂಟು ಕಡಿಮೆ. ಶುರುವಾಗುವಾಗ ಒಮ್ಮೆಲೇ ಜೋರಾಗಿ ಎಳೆಯುವುದಿಲ್ಲ. ಹಾಗಾಗಿ ಮನೆಯಲ್ಲಿ ಬ್ಯಾಟರಿ ಇನ್ವರ್ಟರ್ ಇದ್ದು, ಅದಕ್ಕೆ ತಾಕತ್ತಿದ್ದರೆ ಇದನ್ನು ಎಳೆಯುವುದು ಸುಲಭ. ವೋಲ್ಟೇಜ್ ಏರಿಳಿಯುವ ಕಡೆ ಸ್ಟೆಬಿಲೈಸರ್ ಬೇಡ ಎಂದು ಅಂಗಡಿಯವರು ಹೇಳುತ್ತಾರೆ. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ಕೇಳಿ ನೋಡಿ. ನಿಮ್ಮ ಮನೆಯ ವೋಲ್ಟೇಜ್ ಸಂಜೆ 7 ಗಂಟೆಗೆ ಎಷ್ಟಿರುತ್ತದೆ ಎಂದು ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ಅಳೆಸಿ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಕೆಳಗೆ ಹೋಗುತ್ತಿದ್ದರೆ ಸ್ಟೆಬಿಲೈಸರ್ ಹಾಕಿಸಿ, ಕರೆಂಟು ಬಂದ ಮೇಲೆ ಮೂರು ನಾಲ್ಕು ನಿಮಿಷ ತಡೆದು ಬಿಡುವಂಥದ್ದು.

ಸ್ಟಾರ್ ಲೆಕ್ಕಕ್ಕೆ ಬರೋಣ. ಜನ ಸ್ಟಾರ್ ಎಣಿಸುತ್ತಾರೆ, ಕೆಳಗಿನ ಅಂಕಿ ಓದುವುದಿಲ್ಲ. ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಇರುತ್ತದೆ. ಅದೇ ಮುಖ್ಯ. 3 ಸ್ಟಾರಿನ ಸಿಂಗಲ್ ಡೋರು, 3 ಸ್ಟಾರಿನ ಡಬಲ್ ಡೋರು ಒಂದೇ ಅಲ್ಲ, ಎರಡಕ್ಕೂ ಅಳತೆಗೋಲು ಬೇರೆ. ಸ್ಟಾರಿನ ನಿಯಮವನ್ನೂ ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ. ಹಳೇ 5 ಸ್ಟಾರ್ ಹೊಸ ನಿಯಮದಲ್ಲಿ ಕೆಳಗಿಳಿಯಬಹುದು. ಲೇಬಲ್ ಯಾವ ವರ್ಷದ್ದು ಎಂದೂ ನೋಡಿ. ಒಂದು ಫ್ರಿಜ್ ವರ್ಷಕ್ಕೆ 130 ಯೂನಿಟ್, ಇನ್ನೊಂದು 200 ಯೂನಿಟ್ ಎಂದಿಟ್ಟುಕೊಳ್ಳಿ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 420 ರೂಪಾಯಿ ಉಳಿತಾಯ. ಬೆಲೆಯಲ್ಲಿ 3,000 ವ್ಯತ್ಯಾಸ ಇದ್ದರೆ ಏಳು ವರ್ಷ ಬೇಕು. ಫ್ರಿಜ್ ಹತ್ತು ವರ್ಷ ಬಾಳುವುದರಿಂದ ಸರಿಹೋಯಿತು ಅನ್ನಿ. ಅದೇ 8,000 ವ್ಯತ್ಯಾಸ ಇದ್ದರೆ ನಾನು ಕಡಿಮೆ ಸ್ಟಾರಿನದೇ ತಗೊಳ್ಳುತ್ತೇನೆ.

"ಗೃಹಜ್ಯೋತಿ ಇದೆಯಲ್ಲ, ಕರೆಂಟು ಫ್ರೀ, ಸ್ಟಾರ್ ಕಟ್ಟಿಕೊಂಡು ಏನಾಗಬೇಕು?" ಎನ್ನುವವರೂ ಇದ್ದಾರೆ. ಪ್ರತಿ ಮನೆಗೂ ಅದರದೇ ಮಿತಿ ಇದೆ. ಮಿತಿ ದಾಟಿದರೆ ದಾಟಿದ್ದಕ್ಕೆ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಫ್ರಿಜ್ಜೇ ಇಲ್ಲದಿದ್ದ ಮನೆಗೆ ಹೊಸದಾಗಿ ಬಂದರೆ ಮಿತಿ ದಾಟುವುದು ಕಷ್ಟವೇನಲ್ಲ.

ಇನ್ನು ಬಾಗಿಲು. ಫ್ರಿಜ್ಜಿಂದಲ್ಲ, ಮನೆಯದ್ದು. ಎರಡು ಬಾಗಿಲು ಪಕ್ಕಪಕ್ಕ ಇರುವ ದೊಡ್ಡ ಫ್ರಿಜ್‌ಗಳು ಸುಮಾರು 90 ಸೆಂಟಿಮೀಟರ್ ಅಗಲ. ನಮ್ಮ ಕಡೆಯ ಹಳೇ ಮನೆಗಳ ಅಡುಗೆಮನೆ ಬಾಗಿಲು ಎರಡೂವರೆ ಅಡಿ, ಅಂದರೆ 76 ಸೆಂಟಿಮೀಟರ್. ಹೊಸ್ತಿಲು ಬೇರೆ ಎತ್ತರ. ಒಂದು ಮನೆಯಲ್ಲಿ ಫ್ರಿಜ್ ಮೂರು ವರ್ಷದಿಂದ ಜಗಲಿಯಲ್ಲೇ ಇದೆ. ಬಂದವರಿಗೆ ಮಜ್ಜಿಗೆ ಕೊಡಲು ಅನುಕೂಲ ಎಂದು ಸಮಾಧಾನ ಮಾಡಿಕೊಂಡಿದ್ದಾರೆ. ಗೇಟು, ಮೆಟ್ಟಿಲಿನ ತಿರುವು, ಅಡುಗೆಮನೆ ಬಾಗಿಲು, ಇಡುವ ಜಾಗ, ಎಲ್ಲ ಅಳೆಯಿರಿ. ಹಿಂದೆ ನಾಲ್ಕು ಇಂಚು, ಪಕ್ಕದಲ್ಲಿ ಎರಡು ಇಂಚು ಗಾಳಿ ಆಡಬೇಕು. ಒಲೆಯ ಪಕ್ಕ ಬೇಡ. ಮೂಲೆಯಲ್ಲಿ ಗೋಡೆಯ ಪಕ್ಕಕ್ಕೇ ಇಡುವುದಾದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅರ್ಧ ತೆರೆದಾಗಲೂ ತರಕಾರಿ ಪೆಟ್ಟಿಗೆ ಹೊರಬರುತ್ತದಾ ಎಂದು ಅಂಗಡಿಯಲ್ಲೇ ಎಳೆದು ನೋಡಿ.

ಅಂಗಡಿಯಲ್ಲಿ ಇನ್ನೂ ಸ್ವಲ್ಪ ಕೈಯಾಡಿಸಿ. ಶೆಲ್ಫ್ ಎಷ್ಟು ಕಡೆ ಕೂರುತ್ತದೆ, ನಿಮ್ಮ ಚೀಟಿಯ ಅಳತೆಗೆ ಸರಿಯಾ? ಬಾಗಿಲಿನ ಅರೆಯಲ್ಲಿ 2 ಲೀಟರ್ ಬಾಟಲಿ ನಿಲ್ಲುತ್ತದಾ? ಮಂಡಿನೋವು ಇರುವ ಅಮ್ಮನೇ ಅಡುಗೆ ಮಾಡುವುದಾದರೆ ಅವರನ್ನೂ ಕರೆದುಕೊಂಡು ಹೋಗಿ, ತರಕಾರಿ ಪೆಟ್ಟಿಗೆ ಅವರ ಕೈಲೇ ತೆಗೆಸಿ. ಫ್ರೀಜರ್ ಕೆಳಗಿರುವ ಫ್ರಿಜ್ ಅಂಥವರಿಗೆ ಆರಾಮ, ಬೆಲೆ ಸ್ವಲ್ಪ ಜಾಸ್ತಿ. ಕೆಲವು ಸಿಂಗಲ್ ಡೋರಿನ ತಳದಲ್ಲಿ ಈರುಳ್ಳಿ, ಆಲೂಗಡ್ಡೆಗೆ ಡ್ರಾಯರ್ ಇರುತ್ತದೆ. ಅದು ತಣ್ಣಗಾಗುವುದಿಲ್ಲ, ಬರೀ ಜಾಗ, ಆದರೆ ಒಳ್ಳೇ ಜಾಗ. ಬಾಗಿಲಲ್ಲಿ ನೀರಿನ ನಲ್ಲಿ, ಫೋನಿಗೆ ಕನೆಕ್ಷನ್ ಇಂಥವಕ್ಕೆ ನಾನು ದುಡ್ಡು ಹಾಕುವುದಿಲ್ಲ. ಗಾಜಿನ ಬಾಗಿಲು ನೋಡಲು ಚಂದ, ಒಡೆದ ದಿನ ಗೊತ್ತಾಗುತ್ತದೆ.

"10 ವರ್ಷ ವಾರಂಟಿ" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದು ಕಂಪ್ರೆಸರಿಗೆ ಮಾತ್ರ. ಉಳಿದದ್ದಕ್ಕೆ ಒಂದು ವರ್ಷ. ಕಂಪ್ರೆಸರ್ ಪುಕ್ಕಟೆ ಬಂದರೂ ಗ್ಯಾಸ್ ತುಂಬುವ ಖರ್ಚು, ಕೂಲಿ ಯಾರದು ಎಂದು ಬರೆಸಿಕೊಳ್ಳಿ. ಕಂಪನಿಯ ಮೆಕ್ಯಾನಿಕ್ ನಿಮ್ಮೂರಿಗೆ ಬರುತ್ತಾನಾ, ತಾಲೂಕು ಕೇಂದ್ರದ ತನಕ ಮಾತ್ರವಾ ಎಂದೂ ಕೇಳಿ.

ಫ್ರಿಜ್ ಮನೆಗೆ ಬಂತು. ಗಾಡಿಯಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿ ನಾಲ್ಕೈದು ಗಂಟೆ ಸುಮ್ನೆ ಬಿಡಿ. ಕಂಪ್ರೆಸರಿನ ಎಣ್ಣೆ ಪೈಪಿಗೆ ಹೋಗಿದ್ದರೆ ವಾಪಸ್ ಇಳಿಯಬೇಕು. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಅದಕ್ಕೊಂದೇ ಇರಲಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಮುಂದಿನ ಕಾಲು ತಿರುಗಿಸಿ ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಬಾಗಿಲಿಗೆ 10 ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ಸುತ್ತಲೂ ಬಿಗಿ ಸಿಗಬೇಕು. ಜಾರಿಬಂದರೆ ಅಲ್ಲಿ ಗ್ಯಾಸ್ಕೆಟ್, ಅಂದರೆ ಬಾಗಿಲಿನ ಸುತ್ತಲಿನ ರಬ್ಬರ್, ಸರಿಯಾಗಿ ಕೂತಿಲ್ಲ, ತಂದವರಿಗೆ ಅಲ್ಲೇ ತೋರಿಸಿ. ಹಿಂದೆ ನೀರಿನ ಟ್ರೇ ಇದ್ದರೆ ಎಲ್ಲಿದೆ ಎಂದು ತಿಳಿದುಕೊಳ್ಳಿ. ವಾರಕ್ಕೊಮ್ಮೆ ಚೆಲ್ಲಿ ಒರೆಸದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ.

ಮೊದಲು ಖಾಲಿಯಾಗೇ ಓಡಿಸಿ. ರಾತ್ರಿ ನಡುವಿನ ಶೆಲ್ಫಿನಲ್ಲಿ ಒಂದು ಲೋಟ ನೀರಿಟ್ಟು ಅದರೊಳಗೆ ಥರ್ಮಾಮೀಟರ್ ಬಿಡಿ. ಜ್ವರದ್ದಲ್ಲ, ಸೊನ್ನೆಯಿಂದ ತೋರಿಸುವಂಥದ್ದು. ಬೆಳಗ್ಗೆ 4 ಡಿಗ್ರಿ ಆಸುಪಾಸು ಇದ್ದರೆ ಹಾಲು, ಮೊಸರು ಒಳಗೆ ಹೋಗಲಿ. ಕೊನೆಗೆ ಹಿಟ್ಟಿನ ಪಾತ್ರೆ. ಮುಚ್ಚಳ ತಾಗದೇ ಒಳಗೆ ಹೋದರೆ ನನಗೊಂದು ಫೋನ್ ಮಾಡಿ, ನನ್ನ ಹೆಂಡತಿಗೆ ಕೊಡುತ್ತೇನೆ.