ಹಳೆ ಸೀರೆಯಿಂದ ಕೌದಿ: ಅರಿವೆ ಆರಿಸುವುದೇ ಅರ್ಧ ಕೆಲಸ

ದಸರೆಗೆ ಮನೆ ತೊಳೆಯುವಾಗ ಟ್ರಂಕಿನ ತಳದಿಂದ ಹಳೆ ಸೀರೆಗಳು ಹೊರಬೀಳುತ್ತವೆ. ಪಾತ್ರೆಯವರಿಗೆ ಕೊಡುವ ಮೊದಲು ಒಮ್ಮೆ ಮುಟ್ಟಿ ನೋಡಿ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ ಕೌದಿಗೆ, ಅಂದರೆ ಹಳೆ ಅರಿವೆ ಪದರ ಪದರ ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆಗೆ, ಹೇಳಿ ಮಾಡಿಸಿದ್ದು. ಹೊಸ ಬಟ್ಟೆ ಬೇಡ, ಮೊದಲ ಒಗೆತಕ್ಕೇ ಕುಗ್ಗಿ ಹೊಲಿಗೆಯನ್ನೆಲ್ಲ ಎಳೆಯುತ್ತದೆ.

ಗಜೇಂದ್ರಗಡದ ಪಟ್ಟೇದ ಅಂಚು ಸೀರೆ ಇದ್ದರೆ ನಿಮ್ಮ ಅದೃಷ್ಟ. ದಪ್ಪ ನೂಲು, ಬೆಚ್ಚಗಿರುತ್ತದೆ. ಇಳಕಲ್ ಸೀರೆಯಾದರೆ ಹತ್ತಿಯ ಒಡಲನ್ನಷ್ಟೇ ಬಳಸಿ. ರೇಷ್ಮೆ ಸೆರಗು ಅದರ ಜೊತೆ ಸಮನಾಗಿ ಕೂರುವುದಿಲ್ಲ, ದಿಂಬಿನ ಚೀಲಕ್ಕೆ ಎತ್ತಿಡಿ. ಪಾಲಿಯೆಸ್ಟರ್ ಅಂತೂ ಬೇಡವೇ ಬೇಡ, ಬೆವರು ಹೀರುವುದಿಲ್ಲ. ಗುರುತು ಸಿಗದಿದ್ದರೆ ಒಂದೆಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಗಂಜಿ ಹಾಕಿದ ಸೀರೆಯನ್ನು ರಾತ್ರಿಯಿಡೀ ನೆನೆಸಿ, ಒಗೆದು ಒಣಗಿಸಿ. ಗಂಜಿ ಉಳಿದರೆ ಸೂಜಿ ಹಾಯುವುದು ಕಷ್ಟ.

ಇನ್ನು ಅಳತೆ. ಐದೂವರೆ ಮೀಟರ್ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಸುಮಾರು 6 ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ ಬರುತ್ತದೆ. ಒಬ್ಬರಿಗೆ ಸಾಕು. ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಭಾರ ಇಡಿ. ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಅಂಚು ಒಳಮಡಚಿ ಜೋಡಿಸಿ. ಬಣ್ಣದ ಲೆಕ್ಕ ನಿಮ್ಮ ಇಷ್ಟ, ಇದರಲ್ಲಿ ತಪ್ಪು ಅನ್ನುವುದೇ ಇಲ್ಲ.

ಹೊಲಿಯುವ ಮೊದಲು ಎಲ್ಲ ಪದರ ಸೇರಿಸಿ, ನಡುವಿನಿಂದ ಅಂಚಿನ ಕಡೆಗೆ ಉದ್ದುದ್ದ ಕಚ್ಚಾ ಟಾಕಿ (ಆಮೇಲೆ ಬಿಚ್ಚುವ ತಾತ್ಕಾಲಿಕ ಹೊಲಿಗೆ) ಹಾಕಿ. ಬೇಸರದ ಕೆಲಸ ನಿಜ, ಆದರೆ ಬಿಟ್ಟರೆ ನಡುವೆ ಅರಿವೆ ಉಬ್ಬಿ ನಿಲ್ಲುತ್ತದೆ. ಆಮೇಲೆ ಹೊರ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ ಇರಲಿ. ಟಾಕಿ ಚಿಕ್ಕದಿದ್ದಷ್ಟೂ ಬಾಳಿಕೆ ಜಾಸ್ತಿ. ದಾರವೂ ಹತ್ತಿಯದೇ ಇರಲಿ, ಎರಡೆಳೆ ಮಾಡಿ. ನೈಲಾನ್ ದಾರ ತಾನು ಹರಿಯದೆ ಹಳೆ ಅರಿವೆಯನ್ನು ಹರಿಯುತ್ತದೆ. ಎಲ್ಲ ಮುಗಿದ ಮೇಲೆ ಕಚ್ಚಾ ಟಾಕಿ ಬಿಚ್ಚಿ.

ಮೊದಲ ಸಲ ಹೊಲಿಯುವವರು ಕೂಸಿನ ಕೌದಿಯಿಂದ ಶುರು ಮಾಡಿದರೆ ಬೇಗ ಕೈ ಕೂರುತ್ತದೆ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೌದಿ ಒಗೆಯುವ ಸಾಹಸ ಬೇಡ, ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಗೆಯಿರಿ. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ, ಮಾಳಿಗೆ ಮೇಲೆ ಅಗಲವಾಗಿ ಹರವಿ.